ಹಾಕಿದವರ ಸಹಿ

ಐದನೇ ಕ್ಲಾಸಿನ ಇಪ್ಪತ್ತಮೂರು ಮಕ್ಕಳು
ಎಡಗೈ ಅಂಗಿತೋಳು ಮೇಲೇರಿಸಿಕೊಂಡು
ಪ್ರಾರ್ಥನೆ ಮುಗಿದಾಗಿನಿಂದ ಜಗಲಿಯಲ್ಲಿ ಕೂತಿದ್ದಾರೆ.
ಸಿಸ್ಟರ್ ಬಂದಿಲ್ಲ.
ಮೊಳಕಾಲ್ಮೂರು ಬಿಟ್ಟ ಸ್ಕೂಟಿ
ಬಂಡೆಗಳ ತಿರುವಿನಲ್ಲಿ ಪಂಕ್ಚರ್ ಅಂತ ಫೋನು.

ಡಬ್ಬಿ ಮಾತ್ರ ಬಂದಿದೆ.
ನೀಲಿ ಡಬ್ಬಿ, ಒಳಗೆ ನಾಲ್ಕು ಐಸು, ನಡುವೆ ಸೀಸೆಗಳು.
ಎಂಟು ಗಂಟೆಗೆ ಮೊಹಿದ್ದೀನ್ ಬೈಕಿನಿಂದ ಇಳಿಸಿ
ಸಹಿ ತಗೊಂಡು ಹೋದ. ಆಗಿನಿಂದ ಅದು
ನನ್ನ ಕಾಲ ಹತ್ತಿರ, ನೆರಳು ಸರಿದಂತೆಲ್ಲ
ನಾನು ಸರಿಸುತ್ತೇನೆ, ಎಳೆಗೂಸಿನ ತೊಟ್ಟಿಲ ಹಾಗೆ.

ಹೆಡ್ಮಾಸ್ಟ್ರು ಮೂರು ಸಲ ಗಡಿಯಾರ ನೋಡಿದರು.
ನಾಲ್ಕನೇ ಸಲ ನನ್ನ ನೋಡಿದರು.
"ಪಾಲಕ್ಕ, ಹದಿನಾಲ್ಕು ವರ್ಷ ನೋಡಿದೀಯ.
ನೀನೇ ಹಾಕ್ಬಿಡವ್ವ. ಯಾರು ಕೇಳ್ತಾರೆ?"

ಯಾರೂ ಕೇಳೋದಿಲ್ಲ, ಸರಿ.
ಇವರಲ್ಲಿ ಹನ್ನೊಂದು ಮಕ್ಕಳ ಹೆರಿಗೆಗೆ
ನೂರಾ ಎಂಟರಲ್ಲಿ ಕೂತು ಹೋದವಳು ನಾನೇ.
ಅಗೋ ಆ ಮೂಗು ಸೋರುವ ಲೇಖನ,
ಮಗ್ಗದ ತಿಪ್ಪೇಶನ ಕೊನೇ ಹುಡುಗಿ,
ಆಸ್ಪತ್ರೆಗೆ ಕಾಯದೆ ನನ್ನ ಸೆರಗಿಗೇ ಬಿದ್ದವಳು.
ಯಾರ ತೋಳು ಯಾವ ಕಡೆ ಸುಟ್ಟಿದೆ, ಯಾರು ಸೂಜಿ ಕಂಡರೆ
ಉಚ್ಚೆ ಹೊಯ್ಕೊಳ್ತಾರೆ, ನನಗೆ ಬಾಯಿಪಾಠ.
ಅಳತೆ ಗೊತ್ತು. ಜಾಗ ಗೊತ್ತು.
ಆಮೇಲೆ ಅರ್ಧ ಗಂಟೆ ಕೂರಿಸಬೇಕು, ಗೊತ್ತು.
ಕೂತ ಮಗುವಿಗೆ ಉಸಿರು ಕಟ್ಟಿದರೆ
ಯಾವ ಮದ್ದು, ಎಷ್ಟು,
ಅದು ಗೊತ್ತಿಲ್ಲ.
ಗೊತ್ತಿಲ್ಲದ್ದು ಅಷ್ಟೇ. ಅದೇನು ಸಣ್ಣದೇ?

ಅಷ್ಟರಲ್ಲಿ ಗೇಟಿನ ಹತ್ತಿರ ಈರಣ್ಣ.
ಎಂದೋ ಬಳ್ಳಾರಿಯ ಯಾವ ಡಾಕ್ಟರಿಗೋ ಕಾಂಪೌಂಡರು,
ಈಗ ಬಸ್‌ಸ್ಟ್ಯಾಂಡಿನ ರೂಮಿನಲ್ಲಿ ತಾನೇ ಡಾಕ್ಟ್ರು.
ಜ್ವರಕ್ಕೂ ಸೊಂಟನೋವಿಗೂ ಒಂದೇ ಹಳದಿ ಸೂಜಿ.
ನಮ್ಮವ್ವ ಅವನ ಕೈಗುಣ ಅಂತ ಕೈಮುಗಿಯುತ್ತಾಳೆ.
"ನಾನು ಹಾಕ್ಲೇನಮ್ಮ? ದುಡ್ಡು ಬ್ಯಾಡ, ಮಕ್ಕಳ ಕೆಲಸ."
ಹೆಡ್ಮಾಸ್ಟ್ರ ಮುಖ ಅರಳಿತು.

ನಾನು ಡಬ್ಬಿಯ ಮೇಲೆ ಕೂತೆ.
ಬೇರೆ ಉಪಾಯ ಹೊಳೆಯಲಿಲ್ಲ.
ಮಕ್ಕಳು ನಕ್ಕರು. ಹೆಡ್ಮಾಸ್ಟ್ರು ನಗಲಿಲ್ಲ.
ಒಳಗಿನ ತಂಪು ಹೊರಗೆ ಬರಲ್ಲ ಅಂತಾರೆ,
ನನಗೆ ಬೆನ್ನುಹುರಿಯವರೆಗೂ ಬಂತು.

ಎರಡು ಗಂಟೆಗೆ ಸಿಸ್ಟರ್ ಸುಶೀಲಾಬಾಯಿ,
ಸ್ಕೂಟಿ ಬಿಟ್ಟು ಟ್ರಾಕ್ಟರಿನಲ್ಲಿ,
ಮೈಯೆಲ್ಲ ಧೂಳು, ಕೈ ಮಾತ್ರ ಎರಡು ಸಲ ತೊಳೆದರು.
ಕನ್ನಡಕದ ಒಂದು ಕಾಲಿಗೆ ರೇಷ್ಮೆ ದಾರ ಸುತ್ತಿದೆ.
ಸೀಸೆ ನನ್ನ ಮುಂದೆ ಹಿಡಿದು ಮೆಲ್ಲಗೆ,
ಯಾರಿಗೂ ಕೇಳದ ಹಾಗೆ,
"ಚೌಕ ನೋಡು ಪಾಲಕ್ಕ. ಕಪ್ಪಾಗೈತಾ?"
"ಬೆಳ್ಳಗೈತೆ."
"ಡೇಟು ಓದು."
ಓದಿದೆ.

ಹನ್ನೆರಡನೆಯವಳು ನನ್ನ ಮಗಳು.
"ಅವ್ವ, ನೀನೇ ಹಾಕು."
"ನಂಗೆ ಬರಲ್ಲ" ಅಂದೆ.
ಬರುತ್ತದೆ. ಹಾಕಬಾರದು.
ಇವೆರಡರ ನಡುವಿನದನ್ನು
ಹತ್ತು ವರ್ಷದ ಕೂಸಿಗೆ ಹೇಗೆ ಹೇಳುವುದೋ
ಇನ್ನೂ ಹೊಳೆದಿಲ್ಲ. ಅವಳ ಮುಖ
ನನ್ನ ಹೊಟ್ಟೆಗೆ ಒತ್ತಿಕೊಂಡೆ, ಅಷ್ಟೇ.
ಚುಚ್ಚಿದ್ದು ಇಬ್ಬರಿಗೂ ತಿಳಿಯಿತು.

ಪುಸ್ತಕದಲ್ಲಿ ಹಾಕಿದವರ ಸಹಿ ಸಿಸ್ಟರದು.
ನೋಡಿದವರಿಗೆ ಕಾಲಂ ಇಲ್ಲ.

ಸಂಜೆ ಕಿರಾಣಿ ಅಂಗಡಿಯ ಮುಂದೆ ಈರಣ್ಣ ಸಿಕ್ಕ.
ಅವನ ಮೊಮ್ಮಗ ಸಾಲಿನಲ್ಲಿ ಏಳನೆಯವನು,
ಒಪ್ಪಿಗೆ ಚೀಟಿಯಲ್ಲಿ ಅವನದೇ ಅಕ್ಷರ.
ಬೈಯುತ್ತಾನೆ ಅಂತ ಸೆರಗು ಬಿಗಿ ಮಾಡಿಕೊಂಡೆ.
ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ:
"ನಮ್ಮ ಹುಡುಗನ್ನ ಅರ್ಧ ಗಂಟೆ ಕೂರಿಸಿದ್ರಾ?"

ಕೂರಿಸಿದ್ವಿ, ಅಂದೆ.